ಮಗಳಿಗೆ ಏರ್ ರೈಫಲ್: ಮೂರು ಲಕ್ಷದ್ದು ಬೇಕಾ, ಅರವತ್ತು ಸಾವಿರದ್ದು ಸಾಕಾ?

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ತಂದೆ):
ನಮಸ್ಕಾರ ಸರ್. ನನ್ನ ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಎಂಟು ತಿಂಗಳಿಂದ ಕ್ಲಬ್ಬಿನ ರೈಫಲ್‌ನಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. 60 ಗುಂಡಿಗೆ 560ರಿಂದ 565 ಬರುತ್ತದೆ. ಸ್ವಂತ ರೈಫಲ್ ಕೊಡಿಸೋಣ ಅಂತ ಅಂಗಡಿಗೆ ಹೋದರೆ ಜರ್ಮನಿಯದ್ದಕ್ಕೆ 2.8 ಲಕ್ಷ ಹೇಳಿದರು. ನಮ್ಮ ದೇಶದಲ್ಲೇ ತಯಾರಾದ ಪಿಸಿಪಿ (ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಟ್ಟು ಹೊಡೆಯುವ ರೈಫಲ್) ಸುಮಾರು 60 ಸಾವಿರ. ಸ್ಪ್ರಿಂಗ್‌ನದ್ದು ಇನ್ನೂ ಅಗ್ಗ. ಮನೆಯಲ್ಲಿ "ಅಷ್ಟು ದುಡ್ಡಿಗೆ ಮೂರು ಸ್ಕೂಟಿ ಬರುತ್ತದೆ" ಅಂತ ಜಗಳ. ಬೆಲೆಗೆ ತಕ್ಕ ವ್ಯತ್ಯಾಸ ನಿಜವಾಗಿಯೂ ಇದೆಯಾ?

ಉತ್ತರ (ಕೋಚ್):
ನಮಸ್ಕಾರ. ವ್ಯತ್ಯಾಸ ಇದೆ. ಆದರೆ ಅದು ನಿಮ್ಮ ಮಗಳಿಗೆ ಈಗ ಎಷ್ಟು ಸಿಗುತ್ತದೆ ಅನ್ನುವುದು ಬೇರೆ ಮಾತು. ಒಂದು ಲೆಕ್ಕ ಮಾಡೋಣ, ಸ್ವಲ್ಪ ತಾಳ್ಮೆ ಇರಲಿ.

ನಮ್ಮ ಟಾರ್ಗೆಟ್‌ನ ಹತ್ತರ ಚುಕ್ಕಿ ಬರೀ 0.5 ಮಿಲಿಮೀಟರ್. ಪೆಲೆಟ್, ಅಂದರೆ ಏರ್ ರೈಫಲ್‌ನ ಸೀಸದ ಗುಂಡು, 4.5 ಮಿಲಿಮೀಟರ್. ಪೆಲೆಟ್‌ನ ನಡು ಭಾಗ ಟಾರ್ಗೆಟ್‌ನ ನಡುವಿನಿಂದ 2.5 ಮಿಲಿಮೀಟರ್ ದೂರ ಬಿದ್ದರೆ ಅದರ ಅಂಚು ಚುಕ್ಕಿಗೆ ತಾಗುತ್ತದೆ, ಅದು 10.0. ಅಲ್ಲಿಂದ ಒಳಗೆ ಹೋದಷ್ಟೂ, ಪ್ರತಿ ಕಾಲು ಮಿಲಿಮೀಟರ್‌ಗೆ 0.1 ಸೇರುತ್ತದೆ, ಹೊರಗೆ ಹೋದರೆ ಅಷ್ಟೇ ಕಳೆಯುತ್ತದೆ. 10.9ರ ಮೇಲೆ ಇಲ್ಲ, ಹಾಗಾಗಿ 60 ಗುಂಡಿಗೆ ಗರಿಷ್ಠ 654.

ನಿಮ್ಮ ಮಗಳ ಸರಾಸರಿ 9.4. ಅಂದರೆ ಅವಳ ಗುಂಡು ಸರಾಸರಿ ನಾಲ್ಕು ಮಿಲಿಮೀಟರ್ ಆಚೀಚೆ ಬೀಳುತ್ತಿದೆ. ಅಗ್ಗದ ಪಿಸಿಪಿ ತಾನೇ ಒಂದೂವರೆ ಮಿಲಿಮೀಟರ್ ತಪ್ಪುತ್ತದೆ ಅಂತ ಇಟ್ಟುಕೊಳ್ಳಿ. ರೈಫಲ್ ತಪ್ಪು, ಕೈ ತಪ್ಪು ಎರಡನ್ನೂ ಸುಮ್ನೆ ಕೂಡಿಸುವ ಹಾಗಿಲ್ಲ. ಒಮ್ಮೆ ಒಂದು ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೆ ಎಳೆಯುತ್ತದೆ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. ಹಾಗೆ ನೋಡಿದರೆ ರೈಫಲ್‌ನ ತಪ್ಪನ್ನು ಪೂರ್ತಿ ತೆಗೆದು ಹಾಕಿದರೂ ಅವಳ ನಾಲ್ಕು ಮಿಲಿಮೀಟರ್ 3.7ಕ್ಕೆ ಇಳಿಯುತ್ತದೆ, ಅಷ್ಟೇ. 60 ಗುಂಡಿಗೆ ಏಳು ಪಾಯಿಂಟ್.

ಈಗ ಮೇಲಿನವರನ್ನು ನೋಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ 10 ಮೀಟರ್ ಏರ್ ರೈಫಲ್‌ನ ಅರ್ಹತಾ ಸುತ್ತಿನಲ್ಲಿ ನಮ್ಮ ದೇಶದ ಅರ್ಜುನ್ ಬಬೂತಾ 630.1 ಹೊಡೆದು ಏಳನೆಯವರಾಗಿ ಫೈನಲ್‌ಗೆ ಹೋದರು. ಸರಾಸರಿ 10.5. ನಡುವಿನಿಂದ ಒಂದೂಕಾಲು ಮಿಲಿಮೀಟರ್! ಆ ಮಟ್ಟದ ಕೈಗೆ ಒಂದೂವರೆ ಮಿಲಿಮೀಟರ್ ತಪ್ಪುವ ರೈಫಲ್ ಕೊಟ್ಟರೆ ಹದಿನೈದು, ಇಪ್ಪತ್ತು ಪಾಯಿಂಟ್ ಹೋಯಿತು. ಅಲ್ಲಿ ಒಂದೊಂದು ದಶಾಂಶಕ್ಕೂ ಮನೆಗೆ ಹೋಗುವವರು ಇರುತ್ತಾರೆ. ಅವರಿಗೆ ಮೂರು ಲಕ್ಷ ಜಾಸ್ತಿ ಅಲ್ಲವೇ ಅಲ್ಲ.

ಇದು ಒರಟು ಲೆಕ್ಕ, ಆದರೆ ದಿಕ್ಕು ತೋರಿಸುತ್ತದೆ. ನಿಮ್ಮ ಮಗಳಿಗೆ ಆ ಏಳು ಪಾಯಿಂಟ್ ಮೂರು ತಿಂಗಳ ಸರಿಯಾದ ಡ್ರೈ ಫೈರ್ ಅಭ್ಯಾಸದಲ್ಲೇ ಬರುತ್ತದೆ. ಗುಂಡಿಲ್ಲದೆ ಗುರಿ ಹಿಡಿದು ಟ್ರಿಗರ್ ಒತ್ತುವುದು, ಅಷ್ಟೇ. ಖರ್ಚು ಸೊನ್ನೆ.

ಒಂದು ಎಚ್ಚರ. ಸ್ಪರ್ಧೆಗೆ ಸ್ಪ್ರಿಂಗ್ ರೈಫಲ್ ತರಲೇಬೇಡಿ. ಅದರೊಳಗೆ ದಪ್ಪ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿ ಒತ್ತುತ್ತದೆ. ಪೆಲೆಟ್ ನಳಿಗೆ ಬಿಟ್ಟು ಹೊರಡುವ ಮೊದಲೇ ರೈಫಲ್ ಅಲ್ಲಾಡಿರುತ್ತದೆ. ಹಿಡಿತ ಸ್ವಲ್ಪ ಬದಲಾದರೂ ಗುಂಡು ಬೇರೆ ಕಡೆ. ಮಗು ತನ್ನ ತಪ್ಪು ಯಾವುದು, ರೈಫಲ್‌ನ ತಪ್ಪು ಯಾವುದು ಅಂತ ತಿಳಿಯದೆ ಬೇಸತ್ತು ಬಿಡುತ್ತದೆ. ಪಿಸಿಪಿಯಲ್ಲಿ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ಮೊದಲೇ ತುಂಬಿರುತ್ತದೆ. ರೆಗ್ಯುಲೇಟರ್ ಇದ್ದರೆ ಪ್ರತಿ ಸಲ ಒಂದೇ ಅಳತೆಯಲ್ಲಿ ಬಿಡುತ್ತದೆ. ನನ್ನ ಕಣ್ಣಿಗೆ ಸ್ಪ್ರಿಂಗ್‌ನಿಂದ ಪಿಸಿಪಿಗೆ ಹಾರುವುದೇ ದೊಡ್ಡ ಹಾರಾಟ. ಅಲ್ಲಿಂದ ಜರ್ಮನಿಗೆ ಹೋಗುವುದು ಚಿಕ್ಕದು, ಬೆಲೆ ಮಾತ್ರ ತಿರುಗಾಮುರುಗಾ.

ತಂದೆ:
ಲೆಕ್ಕ ಅರ್ಥವಾಯಿತು ಸರ್. ಹಾಗಾದರೆ ಆ ಎರಡು ಲಕ್ಷ ಜಾಸ್ತಿ ಯಾವುದಕ್ಕೆ? ನಳಿಗೆಗಾ?

ಕೋಚ್:
ನಳಿಗೆಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ದುಡ್ಡು ಕೊಡುವುದಾದರೆ ಟ್ರಿಗರ್‌ಗೆ ಮತ್ತು ಸ್ಟಾಕ್‌ಗೆ (ಕೆನ್ನೆ, ಭುಜಕ್ಕೆ ಒರಗಿಸಿ ಹಿಡಿಯುವ ಭಾಗ) ಕೊಡುತ್ತೇನೆ.

ಒಳ್ಳೆಯ ಮ್ಯಾಚ್ ಟ್ರಿಗರ್‌ಗೆ ಎರಡು ಹಂತ. ಮೊದಲನೆಯದು ಮುಗಿದು ಬೆರಳು ಒಂದು ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ಅಲ್ಲಿಂದ ಇನ್ನೊಂಚೂರು, ಗುಂಡು ಹೋಯಿತು. ಎಲ್ಲವನ್ನೂ ಸ್ಕ್ರೂನಿಂದ ಹೊಂದಿಸಬಹುದು. ಹತ್ತು ಸಾವಿರ ಗುಂಡಾದ ಮೇಲೂ ಅದೇ ಜಾಗ, ಅದೇ ಭಾರ. ಅಗ್ಗದ್ದರಲ್ಲಿ ಆ ಗೋಡೆ ಇವತ್ತು ಒಂದು ಕಡೆ, ಮಳೆಗಾಲದಲ್ಲಿ ಇನ್ನೊಂದು ಕಡೆ.

ಸ್ಟಾಕ್ ವಿಷಯ ನಿಮಗೆ ಇನ್ನೂ ಮುಖ್ಯ. ಮಗಳಿಗೆ 14. ಮುಂದಿನ ದೀಪಾವಳಿಗೆ ಎರಡು ಇಂಚು ಬೆಳೆದಿರುತ್ತಾಳೆ. ಕೆನ್ನೆ ಒರಗುವ ಪಟ್ಟಿ, ಭುಜಕ್ಕೆ ತಾಗುವ ಬಟ್ ಪ್ಲೇಟ್, ಮುಂದಿನ ಕೈ ಹಿಡಿತ, ಇವು ಏರಿಳಿಯದಿದ್ದರೆ ಅವಳೇ ರೈಫಲ್‌ಗೆ ತಕ್ಕ ಹಾಗೆ ಬಗ್ಗುತ್ತಾಳೆ. ಬೆನ್ನಿಗೆ ಒಳ್ಳೆಯದಲ್ಲ, ಸ್ಕೋರಿಗೂ ಅಲ್ಲ. ದೇಶೀಯ ಪಿಸಿಪಿಗಳಲ್ಲೂ ಹೊಂದಿಸಬಹುದಾದ ಸ್ಟಾಕ್ ಬರುತ್ತದೆ. ಅದನ್ನೇ ಕೇಳಿ ತೆಗೆದುಕೊಳ್ಳಿ. ತೂಕವನ್ನೂ ನೋಡಿ. ನಿಯಮದ ಮಿತಿ 5.5 ಕೆಜಿ. ಮಗುವಿಗೆ ಅಷ್ಟು ಬೇಡ.

ದುಬಾರಿ ರೈಫಲ್‌ಗೂ ಒಂದು ಕಷ್ಟ ಇದೆ, ಅಂಗಡಿಯವರು ಹೇಳುವುದಿಲ್ಲ. ನನ್ನ ಒಬ್ಬ ವಿದ್ಯಾರ್ಥಿಯ ಹೊರದೇಶದ ರೈಫಲ್‌ನ ಒಂದು ರಬ್ಬರ್ ಸೀಲ್ ರಾಜ್ಯ ಮಟ್ಟದ ಪಂದ್ಯಕ್ಕೆ ವಾರ ಇರುವಾಗ ಹೋಯಿತು. ನೋಡಿದರೆ ಬಳೆಗಿಂತ ಸಣ್ಣದು. ಬಂದದ್ದು ಎರಡು ತಿಂಗಳಿಗೆ. ಪಾಪ, ಆ ಹುಡುಗ ಕ್ಲಬ್ಬಿನ ಹಳೇ ರೈಫಲ್ ಎತ್ತಿಕೊಂಡು ಹೋಗಿ ತನ್ನ ಮಾಮೂಲಿ ಸ್ಕೋರಿಗಿಂತ ಬರೀ ಐದು ಪಾಯಿಂಟ್ ಕಡಿಮೆ ಹೊಡೆದ. ಅವತ್ತು ಅವರಪ್ಪನ ಮುಖ ನೋಡಬೇಕಿತ್ತು.

ಪ್ರಶ್ನೆ (ಕೊಡಗಿನಿಂದ):
ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ. ಕೈಲ್ ಮುಹೂರ್ತದ (ನಮ್ಮ ಆಯುಧ ಪೂಜೆ ಹಬ್ಬ) ಹೊತ್ತಿಗೆ ನಮ್ಮಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದಲ್ಲ. ಮನೆಯಲ್ಲಿ ಅಜ್ಜನ ಕಾಲದ ಪಾಯಿಂಟ್ ಟೂಟೂ (.22) ರೈಫಲ್ ಇದೆ. ಹೊಸ, ದುಬಾರಿ ರೈಫಲ್ ತಂದರೆ ಗೆಲ್ಲಬಹುದಾ?

ಕೋಚ್:
ತೆಂಗಿನಕಾಯಿ ಎಷ್ಟು ದಪ್ಪ? ಹತ್ತು, ಹನ್ನೆರಡು ಸೆಂಟಿಮೀಟರ್. ನಾವು ಇಲ್ಲಿ ಕಾಲು ಮಿಲಿಮೀಟರ್ ಲೆಕ್ಕ ಹಾಕುತ್ತಿದ್ದೇವೆ! 50 ಮೀಟರ್‌ನಲ್ಲಿ ಗುಂಡುಗಳನ್ನು ಮೂರು, ನಾಲ್ಕು ಸೆಂಟಿಮೀಟರ್ ಒಳಗೆ ಇಡುವ ರೈಫಲ್ ಧಾರಾಳ ಸಾಕು. ಅಜ್ಜನ ರೈಫಲ್‌ಗೆ ಗನ್‌ಸ್ಮಿತ್ ಹತ್ತಿರ ಸ್ಟಾಕ್‌ನ ಸ್ಕ್ರೂ, ನಳಿಗೆಯ ಬಾಯಿ, ಸೈಟ್ (ಗುರಿ ನೋಡುವ ಭಾಗ) ಮೂರನ್ನೂ ನೋಡಿಸಿ. ಒಂದೇ ಕಂಪನಿಯ, ಒಂದೇ ಡಬ್ಬದ ಗುಂಡು ಇಟ್ಟುಕೊಳ್ಳಿ. ಕಾಯಿ ತಪ್ಪಿದರೆ ತಪ್ಪನ್ನು ತೋಕ್‌ನ (ಬಂದೂಕಿನ) ಮೇಲೆ ಹಾಕಬೇಡಿ, ನಿಂತ ಭಂಗಿ ನೋಡಿಕೊಳ್ಳಿ.

ತಂದೆ:
ಸರ್, ಏರ್ ರೈಫಲ್‌ಗೆ ಲೈಸೆನ್ಸ್ ಬೇಕಾ? ಮತ್ತೆ ಒಟ್ಟು ಒಂದೂಕಾಲು ಲಕ್ಷ ಒಟ್ಟು ಮಾಡಬಲ್ಲೆ. ಹೇಗೆ ಹಂಚಲಿ?

ಕೋಚ್:
4.5 ಮಿಲಿಮೀಟರ್‌ನ, 20 ಜೌಲ್‌ಗಿಂತ ಕಡಿಮೆ ಶಕ್ತಿಯದ್ದಕ್ಕೆ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್ ಅದರ ಅರ್ಧವೂ ಇರುವುದಿಲ್ಲ. ಗುರುತಿನ ಚೀಟಿ, ವಿಳಾಸದ ದಾಖಲೆ ಕೊಡಬೇಕು. ಬಿಲ್ ಜೋಪಾನ.

ದುಡ್ಡಿನ ಅರ್ಧ ರೈಫಲ್‌ಗೆ ಇಡಿ. ಆಮೇಲೆ ಮೊದಲ ಖರ್ಚು ಶೂಟಿಂಗ್ ಜಾಕೆಟ್, ಪ್ಯಾಂಟ್, ಶೂ. ಬೇರೆಯವರ ದೊಗಳೆ ಜಾಕೆಟ್ ಹಾಕಿಕೊಂಡು ಜರ್ಮನ್ ರೈಫಲ್ ಹಿಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡನೆಯದು ಪೆಲೆಟ್. ನಾಲ್ಕೈದು ಥರದ ಡಬ್ಬ ತಂದು, ರೈಫಲ್ ಅಲ್ಲಾಡದ ಹಾಗೆ ಬಿಗಿದು, ಪ್ರತಿಯೊಂದರಲ್ಲೂ ಹತ್ತತ್ತು ಹೊಡೆದು ನೋಡಿ. ಒಂದೇ ಬ್ರಾಂಡ್‌ನಲ್ಲೂ ತಲೆಯ ಅಳತೆ 4.49, 4.50 ಅಂತ ಬೇರೆ ಬೇರೆ ಬರುತ್ತದೆ. ನಳಿಗೆಗೆ ಯಾವುದು ಇಷ್ಟ ಅಂತ ಅದೇ ಹೇಳುತ್ತದೆ. ಈ ಒಂದು ಬೆಳಗಿನ ಕೆಲಸದಿಂದ ನಾನು ಮೇಲೆ ಹೇಳಿದ ಒಂದೂವರೆ ಮಿಲಿಮೀಟರ್ ಎಷ್ಟೋ ಸಲ ಒಂದಕ್ಕೆ ಇಳಿದಿದೆ. ಪೆಲೆಟ್ ಸೀಸದ್ದು. ಮುಟ್ಟಿದ ಮೇಲೆ ಕೈ ತೊಳೆಯದೆ ತಿಂಡಿ ತಿನ್ನಬಾರದು, ಮಗಳಿಗೆ ಹೇಳಿ.

ಸರಾಸರಿ 10.2 ದಾಟಿ ಅಲ್ಲೇ ನಿಂತಾಗ ಮತ್ತೆ ಬನ್ನಿ. ಆಗ ದೊಡ್ಡ ರೈಫಲ್ ಮಾತಾಡೋಣ.

ತಂದೆ:
ಕೊನೆಯದಾಗಿ ಸರ್. ಕ್ಲಬ್ಬಿನಲ್ಲಿ ಒಬ್ಬರು ತಮ್ಮ ಹಳೇ ಜರ್ಮನ್ ರೈಫಲ್ ಒಂದು ಲಕ್ಷಕ್ಕೆ ಕೊಡುತ್ತಾರಂತೆ. ಸಿಲಿಂಡರ್ ಮೇಲೆ 2014 ಅಂತ ಕೊರೆದಿದೆ. ಅದೇನು?

ಕೋಚ್:
ಅದು ಸಿಲಿಂಡರ್ ತಯಾರಾದ ವರ್ಷ. ಸಾಮಾನ್ಯವಾಗಿ 10 ವರ್ಷ ಅದರ ಆಯಸ್ಸು, ಅದು ಮುಗಿದಿದೆ. ಪಂದ್ಯದ ತಪಾಸಣೆಯಲ್ಲಿ ನಿಲ್ಲಿಸುತ್ತಾರೆ. ಸಾಲದ್ದಕ್ಕೆ, ಅವಧಿ ಮುಗಿದ ಸಿಲಿಂಡರ್‌ನಲ್ಲಿ 200 ಬಾರ್ ಗಾಳಿ ತುಂಬಿ ಕೆನ್ನೆಯ ಹತ್ತಿರ ಇಟ್ಟುಕೊಳ್ಳುವುದು ಅಪಾಯ. ರೈಫಲ್ ಚೆನ್ನಾಗಿದ್ದು, ಮಗಳ ಅಳತೆಗೆ ಹೊಂದುವುದಾದರೆ ಬಿಡಬೇಡಿ. ಹೊಸ ಸಿಲಿಂಡರ್ ಎಷ್ಟಾಗುತ್ತದೆ ಅಂತ ಮೊದಲು ವಿಚಾರಿಸಿ, ಅಷ್ಟನ್ನು ಆ ಒಂದು ಲಕ್ಷದಲ್ಲಿ ಕಳೆದು ಮಾತಾಡಿ. ಮಗಳು ಅದನ್ನು ಹಿಡಿದು ನಿಂತ ಫೋಟೋ ಪಕ್ಕದಿಂದ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.