ಆಳ ಸಮುದ್ರದಲ್ಲಿ ಗಾಳಿ ವಿದ್ಯುತ್: ಜಾಗ ಆರಿಸುವುದು ಹೇಗೆ?

ಪ್ರಶ್ನೆ (ಚಿಕ್ಕಮಗಳೂರು):
1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಆಷಾಢದ ಗಾಳಿಗೆ ನೆಟ್ಟಗೆ ನಿಲ್ಲುವುದೇ ಕಷ್ಟ. ಇಂಥ ಬೆಟ್ಟಗಳನ್ನು ಬಿಟ್ಟು ಆಳ ಕಡಲಿನಲ್ಲಿ ಗಾಳಿಯಂತ್ರ ನಿಲ್ಲಿಸುವುದೇಕೆ, ಅಲ್ಲಿ ಜಾಗವನ್ನು ಯಾವ ಆಧಾರದ ಮೇಲೆ ಆರಿಸುತ್ತಾರೆ ಎಂಬುದನ್ನು ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 (ಹಾಸನ):
ಆಷಾಢದ ಗಾಳಿಯನ್ನು ನೋಡಿ ಲೆಕ್ಕ ಹಾಕುವುದಿಲ್ಲ ಸರ್, ವರ್ಷವಿಡೀ ಬೀಸುವುದರ ಸರಾಸರಿ ಮುಖ್ಯ. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ಸೆಕೆಂಡಿಗೆ 7 ಮೀಟರ್ ಇದ್ದದ್ದು 9 ಆದರೆ ಶಕ್ತಿ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಬೆಟ್ಟದ ಮೇಲೆ ಗಾಳಿ ಸುಳಿಯಾಗಿ ತಿರುಗಿ ರೆಕ್ಕೆಗಳನ್ನು ದಣಿಸುತ್ತದೆ, ಕಡಲಿನ ಮೇಲೆ ಅಡೆತಡೆಯಿಲ್ಲದೆ ಒಂದೇ ಸಮನೆ ಬೀಸುತ್ತದೆ. ಅಲ್ಲದೆ, 100 ಮೀಟರ್ ಮೀರಿದ ರೆಕ್ಕೆಯನ್ನು ಚಾರ್ಮಾಡಿಯ ತಿರುವುಗಳಲ್ಲಿ ಸಾಗಿಸುವವರು ಯಾರು?

ಜಾಗದ ವಿಷಯದಲ್ಲಿ ಆಳವೇ ನಿರ್ಣಾಯಕ. ಸುಮಾರು 50-60 ಮೀಟರ್ ಆಳದವರೆಗೆ ಕಂಬವನ್ನು ಸಮುದ್ರತಳಕ್ಕೆ ನೆಡುವುದು ಲಾಭದಾಯಕ, ಅದಕ್ಕಿಂತ ಆಳವಾದರೆ ಯಂತ್ರವನ್ನು ತೇಲಿಸಿ ಲಂಗರು ಹಾಕಬೇಕು. ಆಗ ತಳದ ಮಣ್ಣು ಲಂಗರನ್ನು ಹಿಡಿಯುವಂತಿದೆಯೇ ಎಂಬುದು ಗಾಳಿಯಷ್ಟೇ ಮುಖ್ಯವಾಗುತ್ತದೆ. ಸ್ಕಾಟ್ಲೆಂಡಿನ ಪೀಟರ್‌ಹೆಡ್ ಬಳಿ 2017ರಲ್ಲಿ ಶುರುವಾದ 30 ಮೆಗಾವ್ಯಾಟ್‌ನ ಹೈವಿಂಡ್, ಈ ಬಗೆಯ ಮೊದಲ ತೇಲುವ ವಿದ್ಯುತ್ ಸ್ಥಾವರ.

ಉತ್ತರ 2 (ಸಕಲೇಶಪುರ):
ಮೇಲಿನ ಉತ್ತರಕ್ಕೆ ನನ್ನ ಸಣ್ಣ ತಕರಾರಿದೆ. ಗಾಳಿಯ ನಕ್ಷೆಗಿಂತ ಮೊದಲು ಬಿಡಬೇಕಾದ ಜಾಗಗಳ ನಕ್ಷೆ ತಯಾರಾಗಬೇಕು: ಹಡಗುಗಳ ಮಾರ್ಗ, ನೌಕಾಪಡೆಯ ವಲಯ, ಈಗಾಗಲೇ ಹಾಸಿರುವ ಕೇಬಲ್‌ಗಳು, ಹಕ್ಕಿಗಳ ವಲಸೆಯ ದಾರಿ, ಎಲ್ಲಕ್ಕಿಂತ ಹೆಚ್ಚಾಗಿ ಮೀನುಗಾರರು ಬಲೆ ಬೀಸುವ ನೀರು. ತೇಲುವ ಯಂತ್ರದ ಲಂಗರು ಸರಪಳಿಗಳು ನೀರಿನಡಿ ಬಹುದೂರ ಹರಡುವುದರಿಂದ, ಅಲ್ಲಿ ಬಲೆ ಎಳೆಯುವುದು ಕಷ್ಟ. ಉಳಿದ ಜಾಗದಲ್ಲಿ ಬಂದರು ಎಷ್ಟು ದೂರ, ದಡದ ಸಬ್‌ಸ್ಟೇಷನ್ ಎಷ್ಟು ದೂರ ಎಂದು ನೋಡಬೇಕು. ಎಸಿ ಕೇಬಲ್ ಉದ್ದವಾದಷ್ಟೂ ಅದರ ಸಾಮರ್ಥ್ಯದ ಪಾಲು ಕೇಬಲನ್ನು ಚಾರ್ಜ್ ಮಾಡುವುದಕ್ಕೇ ಹೋಗುತ್ತದೆ, ದೂರ ಮಿತಿ ಮೀರಿದರೆ ದುಬಾರಿಯಾದ ಡಿಸಿ ವ್ಯವಸ್ಥೆಯೇ ಗತಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಭಾರತದಲ್ಲಿ ಈ ಕೆಲಸ ಎಲ್ಲಿಗೆ ಬಂದಿದೆ?

ಉತ್ತರ 1 (ಹಾಸನ):
2015ರಲ್ಲಿ ರಾಷ್ಟ್ರೀಯ ನೀತಿ ಬಂತು, ಗುಜರಾತ್ ಮತ್ತು ತಮಿಳುನಾಡಿನ ಕರಾವಳಿಯಲ್ಲಿ ಎಂಟೆಂಟು ವಲಯಗಳನ್ನು ಗುರುತಿಸಿದರು. ಖಂಭಾತ್ ಕೊಲ್ಲಿಯಲ್ಲಿ 2017ರಿಂದ ಲೇಸರ್ ಕಿರಣದ ಲೈಡಾರ್ ಉಪಕರಣದಿಂದ ಗಾಳಿಯನ್ನು ಅಳೆದರು. 2024ರಲ್ಲಿ ಕೇಂದ್ರ ಸರ್ಕಾರ ಎರಡೂ ರಾಜ್ಯಗಳಿಗೆ ತಲಾ 500 ಮೆಗಾವ್ಯಾಟ್‌ನಂತೆ ಒಟ್ಟು 7,453 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಎರಡರಲ್ಲಿ ತಮಿಳುನಾಡಿನ ಗಾಳಿಯೇ ಬಲವಾದದ್ದು, ಆದರೆ ಮನ್ನಾರ್ ಕೊಲ್ಲಿಯ ಹವಳದ ದಿಬ್ಬಗಳು ಪಕ್ಕದಲ್ಲೇ ಇರುವುದರಿಂದ ಸಕಲೇಶಪುರದವರು ಹೇಳಿದ ಆ ನಕ್ಷೆಯನ್ನು ಅಲ್ಲಿ ಇನ್ನೂ ಎಚ್ಚರದಿಂದ ಬರೆಯಬೇಕಾಗುತ್ತದೆ.