ಸಹಾಯ ಬೇಕು: ದಿನಾ ಓಡಿಸೋಕೆ ಮಿನಿ ಕೂಪರ್, ಚಕ್ರ 16 ಇಂಚೋ 18 ಇಂಚೋ?

ಎಲ್ಲರಿಗೂ ನಮಸ್ಕಾರ. ಮೂರು ಬಾಗಿಲಿನ ಮಿನಿ ಕೂಪರ್ ತೆಗೆದುಕೊಳ್ಳಬೇಕು ಅಂತ ಆರು ತಿಂಗಳಿಂದ ಲೆಕ್ಕ ಹಾಕುತ್ತಿದ್ದೇನೆ. ದಿನಕ್ಕೆ 40 ಕಿ.ಮೀ. ಓಡಾಟ, ಹೆಚ್ಚಾಗಿ ನಾನೊಬ್ಬನೇ. ಹಿಂದಿನ ಸೀಟು ಇಕ್ಕಟ್ಟು, ಡಿಕ್ಕಿ ಸುಮಾರು 210 ಲೀಟರ್ ಅಷ್ಟೇ. ಅದಕ್ಕೆಲ್ಲ ಮನಸ್ಸು ಒಪ್ಪಿದೆ.

ತಲೆ ಕೆಟ್ಟಿರುವುದು ಟೈರ್ ವಿಷಯಕ್ಕೆ. ಎರಡು ಸಲ ಓಡಿಸಿ ನೋಡಿದೆ. 18 ಇಂಚಿನ ಚಕ್ರ ನೋಡೋಕೆ ಚೆಂದ, ತಿರುವಿನಲ್ಲಿ ಹಿಡಿತವೂ ಜೋರು. ಆದರೆ ಸಣ್ಣ ಗುಂಡಿಗೂ ಬೆನ್ನಿಗೆ ಏಟು. ಅದರಲ್ಲಿದ್ದದ್ದು ರನ್‌ಫ್ಲಾಟ್ ಟೈರ್. ಪಕ್ಕದ ಗೋಡೆ ಗಟ್ಟಿಯಾಗಿರುವುದರಿಂದ ಪಂಕ್ಚರ್ ಆದರೂ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ಸ್ಟೆಪ್ನಿ ಇಲ್ಲದ ಕಾರಿಗೆ ಅದೇ ಧೈರ್ಯ. 16 ಇಂಚಿಗೆ ಸಾಮಾನ್ಯ ಟೈರ್ ಹಾಕಿಸಿದರೆ ಸವಾರಿ ಮೆತ್ತಗಾಗುತ್ತದೆ, ಆದರೆ ಪಂಕ್ಚರ್ ಕಿಟ್ಟನ್ನೇ ನಂಬಬೇಕು. ಪಕ್ಕದ ಗೋಡೆ ಹರಿದರೆ ಕಿಟ್ ಕೆಲಸಕ್ಕೆ ಬರಲ್ಲ ಅಲ್ವಾ? ಶೋರೂಮಿನಲ್ಲಿ ಕೇಳಿದರೆ "ಎರಡೂ ಚೆನ್ನಾಗಿದೆ ಸರ್" ಅಂತ ಸುಮ್ನೆ ನಗುತ್ತಾರೆ.

ಇಂಥ ಕಾರು ದಿನಾ ಓಡಿಸುವವರು ಹೇಳಿ: ರನ್‌ಫ್ಲಾಟ್ ಬಿಟ್ಟು 16 ಇಂಚಿನ ಸಾಮಾನ್ಯ ಟೈರಿಗೆ ಹೋದವರಿಗೆ ಸವಾರಿಯಲ್ಲಿ ನಿಜವಾಗಲೂ ವ್ಯತ್ಯಾಸ ಗೊತ್ತಾಯಿತಾ? ದಾರಿಯಲ್ಲಿ ಯಾವತ್ತಾದರೂ ಕೈಕೊಟ್ಟಿತಾ?