ಉದ್ಯಾನ ನವೀಕರಣದ ಮನವಿಯಲ್ಲಿ ಏನೇನು ಇರಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯ ಉದ್ಯಾನದ ಕಲ್ಲುಬೆಂಚುಗಳಿಗೆ ಒರಗಲು ಬೆನ್ನೂ ಇಲ್ಲ, ಊರಿ ಏಳಲು ಕೈಯೂ ಇಲ್ಲ, ಮಂಡಿನೋವಿರುವ ನನ್ನ ತಾಯಿ ಕುಳಿತರೆ, ಏಳಿಸಲು ಮತ್ತೊಬ್ಬರು ಬೇಕು. ನಿವಾಸಿಗಳ ಸಂಘದಿಂದ ಮನವಿ ಬರೆಯುತ್ತಿದ್ದೇವೆ. ಏನೇನು ಸೇರಿಸಬೇಕು?

ಉತ್ತರ 1: ಮೊದಲು ತಾಯಿಯವರೊಡನೆ ಗೇಟಿನಿಂದ ಬೆಂಚಿನವರೆಗೆ ನಿಧಾನವಾಗಿ ನಡೆದು, ಅವರು ಎಲ್ಲಿ ನಿಲ್ಲುತ್ತಾರೆ, ಯಾವುದನ್ನು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಅಮೆರಿಕದ ವಿನ್ಯಾಸಕಿ ಪ್ಯಾಟ್ರಿಷಿಯಾ ಮೂರ್ ಅವರು 1979ರಿಂದ 1982ರವರೆಗೆ ವೃದ್ಧೆಯ ವೇಷ ಧರಿಸಿ, ಕೀಲುಗಳು ಸಲೀಸಾಗಿ ಬಾಗದಂತೆ ಕಟ್ಟಿಕೊಂಡು ನಗರಗಳಲ್ಲಿ ಓಡಾಡಿದ್ದು ಇದನ್ನೇ ಅರಿಯಲು.

ಉತ್ತರ 2: ಮೆಟ್ಟಿಲಿದ್ದಲ್ಲಿ ಇಳಿಜಾರು ಕೇಳಿ, ಒಂದಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಬೈಕುಗಳನ್ನು ತಡೆಯಲು ಹಾಕುವ ಕಿರಿದಾದ ತಿರುಗುಗೇಟು ಗಾಲಿಕುರ್ಚಿಯನ್ನೂ ಹೊರಗೇ ನಿಲ್ಲಿಸುತ್ತದೆ. ಇದು ನಿಜಕ್ಕೂ ನೋವಿನ ಸಂಗತಿ.

ಉತ್ತರ 3: ಮಧ್ಯಾಹ್ನ ಉದ್ಯಾನದಲ್ಲಿ ಬುತ್ತಿ ಬಿಚ್ಚುವ ಪೌರಕಾರ್ಮಿಕರನ್ನೂ ಅವರಿಗೆ ಏನು ಬೇಕೆಂದು ದಯವಿಟ್ಟು ಕೇಳಿ.